ಎಂಟು ದಿನ ಬಿಗಿದಿಟ್ಟ ಗಿಟಾರು

ನನ್ನ ಪದವಿ ಪ್ರಮಾಣಪತ್ರವನ್ನು ನಾಲ್ಕು ವರ್ಷ ನಾನು ಕಣ್ಣಿನಿಂದ ನೋಡಿರಲಿಲ್ಲ. ಅದು ಮಧುಗಿರಿಯ ಒಂದು ಖಾಸಗಿ ಪ್ರೌಢಶಾಲೆಯ ಕಚೇರಿಯಲ್ಲಿತ್ತು. ವಿಜ್ಞಾನದ ಮೇಷ್ಟ್ರಾಗಿ ಅಲ್ಲಿಗೆ ಸೇರಿದ ದಿನ ಅಂಕಪಟ್ಟಿ, ಬಿ.ಎಸ್ಸಿ., ಬಿ.ಎಡ್. ಎಲ್ಲದರ ಅಸಲು ಪ್ರತಿಗಳನ್ನು ಒಂದು ಫೈಲಿಗೆ ಹಾಕಿ ಸೆಕ್ರೆಟರಿಯವರ ಕೈಗೆ ಕೊಟ್ಟಿದ್ದೆ. ವರ್ಷದ ನಡುವೆ ಮೇಷ್ಟ್ರುಗಳು ಬಿಟ್ಟು ಹೋಗದಿರಲಿ ಎಂದು ಹೀಗೆ ಇಟ್ಟುಕೊಳ್ಳುವ ಶಾಲೆಗಳು ಬೇಕಾದಷ್ಟಿವೆ. ಕೊಡುವಾಗ ನನಗೆ ಏನೂ ಅನ್ನಿಸಲಿಲ್ಲ. ಕೆಲಸ ಸಿಕ್ಕ ಖುಷಿಯಲ್ಲಿ ಕೇಳಿದ್ದರೆ ರೇಷನ್ ಕಾರ್ಡೂ ಕೊಡುತ್ತಿದ್ದೆ.

ಆ ಫೈಲು ನನಗೆ ಏನು ಎಂಬುದನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕೊಳಾಲದ ಸುತ್ತಿನ ಹಳ್ಳಿಗಳಿಗೆ ನೇಗಿಲು, ಬಾಗಿಲು, ಮಂಚ ಮಾಡಿಕೊಡುವ ಮರಗೆಲಸದವನು. ಓದಿದ್ದು ಮೂರನೇ ಕ್ಲಾಸು. ಅವ್ವ ಹೆಬ್ಬೆಟ್ಟು. ನಾನು ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗಿ, ಸಂಜೆ ಬಂದು ಅಪ್ಪನ ಜೊತೆ ಕೀಸುಳಿ ಹಿಡಿದು ಹಲಗೆ ನುಣುಪು ಮಾಡುತ್ತಿದ್ದೆ. ನನ್ನ ಫಿಸಿಕ್ಸ್ ರೆಕಾರ್ಡ್ ಪುಸ್ತಕದ ಹಾಳೆಗಳ ಸಂದಿಯಲ್ಲಿ ಮರದ ಹೊಟ್ಟು ಇರುತ್ತಿತ್ತು. ಲ್ಯಾಬಿನ ಮೇಡಂ ಅದನ್ನು ಕೊಡವಿ ಸಹಿ ಹಾಕುತ್ತಿದ್ದರು. ಗಣಿತದ ಒಂದು ಪೇಪರು ಎರಡು ಸಲ ಹೋಯಿತು, ಮೂರನೇ ಸಲ ಪಾಸಾಯಿತು. ಹಾಗೆ ಬಂದ ಕಾಗದ ಅದು.

ಶಾಲೆಯಲ್ಲಿ ಒಂದು ಗಿಟಾರು ಇತ್ತು. ಸೆಕ್ರೆಟರಿಯವರ ತಮ್ಮನದು. ಆ ತಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಶಾಲೆ ಶುರುವಾದ ಹೊಸದರಲ್ಲಿ ಅವರೇ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರಂತೆ. ನಾನು ಸೇರಿದ ನಾಲ್ಕನೇ ವರ್ಷ ಶೈಕ್ಷಣಿಕ ಜಿಲ್ಲೆಯ ಮಕ್ಕಳ ಸ್ಪರ್ಧೆ ಪಾವಗಡದಲ್ಲಿ ನಡೆಯಿತು. ಆರು ಮಕ್ಕಳನ್ನೂ ಗಿಟಾರನ್ನೂ ನನ್ನ ವಶಕ್ಕೆ ಕೊಟ್ಟು ಕಳಿಸಿದರು. ಬಸ್ಸು ತುಂಬಿತ್ತು. "ಸಾ, ಅದನ್ನ ಬಾನೆಟ್ ಮ್ಯಾಲಿಡಿ, ಇಲ್ಲಿದ್ರೆ ತುಳ್ದಾಕ್ತಾರೆ" ಅಂದ ಕಂಡಕ್ಟರು. ಡ್ರೈವರ್ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಇಟ್ಟೆ. ಪಾವಗಡದಲ್ಲಿ ಇಳಿದು ಚೀಲದ ಜಿಪ್ಪು ತೆಗೆದರೆ ಗಿಟಾರಿನ ಕತ್ತು ಮುಂದಕ್ಕೆ ಬಾಗಿತ್ತು. ಬುಡದ ಅಂಟು ಬಿಟ್ಟಿತ್ತು. ಮುಂದಿನ ಹಲಗೆ ತೂತಿನ ಸುತ್ತ ಸೀಳಿ ಒಳಕ್ಕೆ ಕುಸಿದಿತ್ತು. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಬಿಗಿದ ತಂತಿ ಸುಮ್ಮನೆ ಇರುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಉಷ್ಣದ ಪಾಠ ಮಾಡುತ್ತಿದ್ದವನು ನಾನೇ.

ಮಾರನೇ ದಿನ ಕಚೇರಿಯಲ್ಲಿ ಸೆಕ್ರೆಟರಿಯವರು ಚೀಲ ತೆಗೆದು ನೋಡಿದರು. ಮತ್ತೆ ಜಿಪ್ಪು ಎಳೆದು, "ಹೋಗಿ ಮೇಷ್ಟ್ರೇ, ಪೀರಿಯಡ್ ಶುರುವಾಯ್ತು" ಅಂದರು. ಅಷ್ಟೆ.

ಇದಾಗಿ ಹದಿನೈದು ದಿನಕ್ಕೆ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ನನ್ನ ನಂಬರು ಬಂತು. ಆರು ವಾರಕ್ಕೆ ತುಮಕೂರಿನಲ್ಲಿ ದಾಖಲಾತಿ ಪರಿಶೀಲನೆ. ಅಸಲು ಪ್ರತಿ ಇಲ್ಲದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗಿನವನಿಗೆ ಕೆಲಸ. ನಾನು ಕಚೇರಿಗೆ ಹೋಗಿ ನಿಂತೆ.

"ಫೈಲ್ ಬೇಕಿತ್ತು ಸಾರ್."

"ಕೊಡೋಣ. ನಮ್ಮ ತಮ್ಮನ ಗಿಟಾರ್ ಏನ್ ಮಾಡ್ತೀರಿ?"

"ಹೊಸದು ತಂದ್ಕೊಡ್ತೀನಿ ಸಾರ್."

"ಹೊಸದು ತರೋಕೆ ನಂಗ್ ಬರಲ್ವಾ?" ಅಂದರು. ದನಿ ಏರಿಸಲಿಲ್ಲ. "ನಿಮ್ಮಪ್ಪ ಮರಗೆಲಸದವ್ರು ಅಂತ ನೀವೇ ಹೇಳಿದೀರಿ. ಅದೇ ಗಿಟಾರು ಮೊದಲಿನ ಹಂಗೆ ನುಡೀಬೇಕು. ಅವತ್ತು ಫೈಲ್ ತಗೊಂಡು ಹೋಗಿ."

ವಿಶ್ವವಿದ್ಯಾಲಯದಿಂದ ನಕಲು ಪ್ರತಿ ತೆಗೆಸಬಹುದು. ಅದಕ್ಕೆ ಕಳೆದುಹೋಗಿದೆ ಎಂದು ಪೊಲೀಸರಿಗೆ ಬರೆದುಕೊಡಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಕಳೆದುಹೋಗಿರಲಿಲ್ಲ, ತಿಂಗಳುಗಟ್ಟಲೆ ಸಮಯವೂ ಇರಲಿಲ್ಲ. ಶಾಲೆಯ ಮೇಲೆ ದೂರು ಕೊಟ್ಟರೆ ಅನುಭವದ ಪತ್ರ ಯಾರು ಕೊಡುತ್ತಾರೆ? ಯಾವ ಕಡೆಗೆ ತಿರುಗಿದರೂ ಆ ಮುರಿದ ಗಿಟಾರೇ ಎದುರಿಗೆ ನಿಲ್ಲುತ್ತಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಬಂದೆ.

ಅಪ್ಪ ಅದನ್ನು ತಿರುಗಿಸಿ, ಮಗುಚಿ, ತೂತಿನೊಳಗೆ ಕಣ್ಣಿಟ್ಟು ನೋಡಿದ.

"ಇದ್ಯಾವನ್ಲಾ ಮಾಡಿದ್ದು. ಬಿಸ್ಕತ್ ಡಬ್ಬ ಇದ್ದಂಗೈತೆ. ವಸಿ ಒತ್ತುದ್ರೆ ಒಳೀಕೆ ಹೋಯ್ತದೆ."

"ಹಗುರ ಇದ್ರೇನೆ ಸೌಂಡ್ ಬರೋದು ಕಣಪ್ಪ."

"ಹಗುರ ಇದ್ರೆ ಮುರೀತದೆ. ನಿನ್ ಕೈಯಾಗೇ ಐತಲ್ಲ ನೋಡು."

ಗಿಟಾರಿನ ಹಿಂಭಾಗ ಮತ್ತು ಸೊಂಟದ ಪಟ್ಟಿ ಗಟ್ಟಿಯಾಗಿದ್ದವು. ಅವನ್ನು ಉಳಿಸಿಕೊಂಡು, ಮುಂದಿನ ಹಲಗೆ, ಅದರ ಬೆನ್ನಿಗೆ ಅಂಟಿಸುವ ಪಟ್ಟಿಗಳು, ಕತ್ತು, ಇಷ್ಟನ್ನು ಹೊಸದಾಗಿ ಮಾಡುವುದು ಎಂದು ತೀರ್ಮಾನವಾಯಿತು. ತಂತಿ ತಿರುಗಿಸುವ ಕೀಲಿಗಳು, ಅಡ್ಡ ಕಂಬಿಗಳ ಮೇಲೆ ಬೆರಳು ಓಡುವ ಫ್ರೆಟ್ ಹಲಗೆ, ತಂತಿ ಕೂರುವ ಬ್ರಿಡ್ಜ್ ಹಳೆಯವೇ ಸಾಕು. ನಾನು ಮೊಬೈಲಿನಲ್ಲಿ ಗಿಟಾರು ಮಾಡುವವರ ವಿಡಿಯೋ ನೋಡಿದೆ. ಅಪ್ಪ ಒಂದನ್ನು ಅರ್ಧ ನೋಡಿ, "ಇವ್ರಿಗೆ ಬರೀ ಮಿಷಿನ್ನು" ಅಂತ ಎದ್ದುಹೋದ.

ಮೊದಲ ಜಗಳ ಕತ್ತಿನ ಮರದ್ದು. ಅಪ್ಪನಿಗೆ ಕರೀಜಾಲಿ ಬೇಕು. ನೇಗಿಲಿಗೆ ಅದನ್ನೇ ಹಾಕುವುದು, ಬಂಡೆ ಬಡಿದರೂ ಬಾಗದು. ಆರು ಉಕ್ಕಿನ ತಂತಿಗಳು ಸೇರಿ ಎಳೆಯುವ ಎಳೆತ ಒಬ್ಬ ಆಳು ಜೋತುಬಿದ್ದಷ್ಟು ಎಂದು ನಾನೇ ಹೇಳಿದ್ದೆ. ಹಾಗಿದ್ದ ಮೇಲೆ ಜಾಲಿ ಬಿಟ್ಟು ಬೇರೆ ಯಾಕೆ ಎಂಬುದು ಅವನ ವಾದ. ಜಾಲಿ ಹಾಕಿದರೆ ಕತ್ತೇ ಮೈಗಿಂತ ಭಾರವಾಗಿ, ಕೈಬಿಟ್ಟರೆ ಗಿಟಾರು ತಲೆ ಕೆಳಗಾಗುತ್ತದೆ ಎಂಬುದು ನನ್ನ ವಾದ. ಎರಡು ದಿನ ಮಾತು ಬಿಟ್ಟೆವು. ಮೂರನೇ ದಿನ ಇಬ್ಬರೂ ಶಿರಾಕ್ಕೆ ಹೋದೆವು. ಕೆಡವಿದ ಮನೆಗಳ ಹಳೆಯ ಮರ ಮಾರುವ ಸಾಬರ ಮಂಡಿ ಅಲ್ಲಿದೆ. ಅಪ್ಪನಿಗೆ ಹಳೆಯ ಪರಿಚಯ.

ಅಲ್ಲಿ ಅಪ್ಪ ಹಲಸಿನ ತುಂಡೊಂದನ್ನು ಹಿಡಿದು, ಕೊಯ್ದ ತುದಿಗೆ ಉಗುಳು ಹಚ್ಚಿ, ಸುತ್ತುಗೆರೆಗಳನ್ನು ನೋಡಿದ. ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಮಲಗಿದ್ದರೆ ಮರ ಮಳೆಗಾಲಕ್ಕೊಂದು ತರ, ಬೇಸಿಗೆಗೊಂದು ತರ ಬಾಗುತ್ತದೆ. ತುಂಡನ್ನು ಕಿವಿ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿದ. ಹದಿನೈದು ತುಂಡು ಹೀಗೆ ಎತ್ತಿ ಇಟ್ಟ ಮೇಲೆ ಸಾಬರು ಕೇಳಿದರು: "ಅರೆ ಯಜಮಾನ್, ಹೆಣ್ಣು ನೋಡಾಕೆ ಬಂದಿದ್ದೀರಾ, ಮರ ನೋಡಾಕಾ? ಏನ್ ಮಾಡ್ತೀರಿ ಇದ್ರಾಗೆ?"

"ಗಿಟಾರು."

"ಯಾರ್ಗೆ?"

"ಇವ್ನ ಸರ್ಟಿಫಿಕೇಟ್ಗೆ" ಅಂದ ಅಪ್ಪ.

ವೀಣೆಗೆ ಹಲಸು ಹಾಕುತ್ತಾರೆ ಎಂಬ ನನ್ನ ಒಂದು ಮಾತಿಗೆ ಅಪ್ಪ ಹಲಸಿಗೆ ಒಪ್ಪಿದ್ದ. ಆದರೂ ಜಾಲಿಯನ್ನು ಪೂರ್ತಿ ಬಿಡಲಿಲ್ಲ. ಹಲಸಿನ ಕತ್ತಿನ ನಡುವೆ ಉದ್ದಕ್ಕೂ ಒಂದು ಕಾಲುವೆ ಕೊರೆದು, ಅದರಲ್ಲಿ ಕಿರುಬೆರಳಗಲದ ಜಾಲಿ ಪಟ್ಟಿಯನ್ನು ಬಿಗಿಯಾಗಿ ಕೂರಿಸಿದ. ಕೂರಿಸಿ ಮೇಲೆ ಕೀಸಿದಾಗ ಹಳದಿ ಮರದ ನಡುವೆ ಕಪ್ಪು ಬೈತಲೆ ತೆಗೆದಂತೆ ಕಾಣಿಸಿತು. ಕತ್ತು ಹಗುರವೂ ಆಯಿತು, ಬಾಗದೆಯೂ ನಿಂತಿತು. ಅದು ನನಗೆ ಹೊಳೆದಿರಲಿಲ್ಲ. ಹೊಗಳಲು ಹೋದರೆ, "ನೊಗ ಸೀಳುದ್ರೆ ಇಂಗೇ ಮಾಡಾದು" ಅಂದ.

ಎರಡನೇ ಜಗಳ ಕತ್ತನ್ನು ಮೈಗೆ ಸೇರಿಸುವುದರ ಬಗ್ಗೆ. ಬೋಲ್ಟು ಹಾಕಿ ಬಿಗಿದರೆ, ಕೋನ ತಪ್ಪಿದರೂ ಬಿಚ್ಚಿ ಸರಿಮಾಡಬಹುದು. ಅಪ್ಪ ಜೀವಮಾನದಲ್ಲಿ ಮರದ ಸೇರಿಕೆಗೆ ಕಬ್ಬಿಣ ಹಾಕಿದವನಲ್ಲ. ಅಂಟಿಸಿಬಿಟ್ಟರೆ ಮತ್ತೆ ಬಿಚ್ಚಲಾಗುವುದಿಲ್ಲ ಎಂದು ನಾನು. ಅವನು ಅಂಟೂ ಬೇಡ, ಬೋಲ್ಟೂ ಬೇಡ ಅಂದ. ನೇಗಿಲಿನ ಮೈಯೊಳಗೆ ಈಸು, ಅಂದರೆ ಆ ಉದ್ದನೆಯ ದಂಡ, ಒಂದು ತೂತಿನಲ್ಲಿ ಕೂತಿರುತ್ತದೆ. ಅದಕ್ಕೆ ಮೇಲೊಂದು ಕೆಳಗೊಂದು ಬೆಣೆ. ನೇಗಿಲು ಆಳ ಹೋಗಬೇಕಾದರೆ ಒಂದು ಬೆಣೆಗೆ ಏಟು, ಮೇಲೆ ಬರಬೇಕಾದರೆ ಇನ್ನೊಂದಕ್ಕೆ. ಗಿಟಾರಿನ ಕತ್ತಿಗೂ ಅಪ್ಪ ಅದನ್ನೇ ಮಾಡಿದ. ಬುಡದಲ್ಲಿ ಹೆಬ್ಬೆರಳಷ್ಟು ಬೆಣೆ. ಒಂದು ಏಟು ಕೊಟ್ಟರೆ ಕತ್ತು ಒಂದು ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತಿತ್ತು.

ಮುಂದಿನ ಹಲಗೆಯ ಪಟ್ಟಿಗಳ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. ಹಲಗೆಗೆ ಸಾಬರ ಮಂಡಿಯಲ್ಲೇ ಸಿಕ್ಕ ಪೈನ್ ಮರ, ಯಾವುದೋ ಮೆಷಿನ್ನು ಬಂದ ಪೆಟ್ಟಿಗೆಯದು. ಅದನ್ನು ಸೀಳಿ, ಕೀಸಿ, ಎರಡು ನಾಣ್ಯ ಜೋಡಿಸಿದಷ್ಟು ತೆಳುವು ಮಾಡಿದೆವು. ಅಷ್ಟು ತೆಳುವಾದ ಹಲಗೆ ತಾನಾಗಿ ನಿಲ್ಲದು. ತಂತಿ ಬ್ರಿಡ್ಜನ್ನು ಮುಂದಕ್ಕೆ ಎಳೆದಾಗ ಹಲಗೆ ಬ್ರಿಡ್ಜಿನ ಹಿಂದೆ ಉಬ್ಬುತ್ತದೆ, ಮುಂದೆ ಕುಸಿಯುತ್ತದೆ. ಅದನ್ನು ತಡೆಯಲು ಒಳಗೆ ಪಟ್ಟಿಗಳು. ಹಳೆಯದರಲ್ಲಿ ಏಣಿಯ ಹಾಗೆ ಅಡ್ಡಡ್ಡ ಹಾಕಿದ್ದರು. ಅಪ್ಪ ಬಾಗಿಲಿನ ಹಿಂದೆ ಹೊಡೆಯುವುದೂ ಹಾಗೆಯೇ, ಹೆಬ್ಬೆರಳು ದಪ್ಪದ ಪಟ್ಟಿ. ನಾನು ಕತ್ತರಿಯಂತೆ ಎರಡು ಪಟ್ಟಿ ದಾಟಿಸಿ, ನಡುವೆ ಎತ್ತರ ಇಟ್ಟು, ತುದಿಗೆ ಹೋಗುತ್ತ ತೆಳ್ಳಗೆ ಮಾಡಬೇಕು ಅಂದೆ.

ಇದರಲ್ಲಿ ನನಗೆ ಧೈರ್ಯ ಇತ್ತು. ಬಿ.ಎಸ್ಸಿ. ಲ್ಯಾಬಿನಲ್ಲಿ ಒಂದು ಪ್ರಯೋಗ: ಮೀಟರ್ ಸ್ಕೇಲನ್ನು ಎರಡು ಕಡೆ ಆನಿಸಿ, ನಡುವೆ ತೂಕ ತೂಗಿಬಿಟ್ಟು, ಎಷ್ಟು ಬಾಗುತ್ತದೆ ಎಂದು ಅಳೆಯುವುದು. ಪಟ್ಟಿಯ ಎತ್ತರ ಅರ್ಧ ಮಾಡಿದರೆ ಅದರ ಬಿಗಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಗಲ ಅರ್ಧ ಮಾಡಿದರೆ ಬರೀ ಅರ್ಧ. ಅಂದರೆ ಅಗಲ ಕಡಿಮೆ ಮಾಡು, ಎತ್ತರ ಉಳಿಸು. ಹಗುರವೂ ಆಯಿತು, ಬಿಗಿಯೂ ಉಳಿಯಿತು. ಇದನ್ನು ಅಪ್ಪನಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ.

"ಸ್ಕೇಲ್ ಬಗ್ಸೋದು ಕಲಿಯಾಕೆ ಮೂರ್ ವರ್ಸ ಓಗಿದ್ದೇನ್ಲಾ?" ಅಂದ ಅಪ್ಪ. ಆದರೆ ಕೀಸುಳಿಯನ್ನು ನನ್ನ ಕಡೆಗೆ ಸರಿಸಿದ.

ನಾನು ಪಟ್ಟಿ ಕೀಸುತ್ತ, ಹಲಗೆ ತಟ್ಟುತ್ತ, ಕಿವಿಗೊಡುತ್ತ ನಾಲ್ಕು ಸಂಜೆ ಕಳೆದೆ. ದಪ್ಪ ಇದ್ದಾಗ ಮೇಜು ತಟ್ಟಿದಂತೆ ಕೇಳುತ್ತಿದ್ದುದು, ತೆಳ್ಳಗಾಗುತ್ತ ಮಡಕೆ ತಟ್ಟಿದಂತೆ ಕೇಳಿತು. ಎಲ್ಲಿ ನಿಲ್ಲಿಸಬೇಕು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಒಂದು ಸಲ ಹೆಚ್ಚು ಕೀಸಿದರೆ ವಾಪಸ್ಸಿಲ್ಲ. ದಿನಗಳೂ ವಾಪಸ್ಸಿಲ್ಲ. ಆರು ವಾರದಲ್ಲಿ ನಾಲ್ಕು ಮುಗಿದಿದ್ದವು.

ಪಟ್ಟಿ ಅಂಟಿಸುವ ಸಂಜೆ ಅವ್ವ ದೇವರ ದೀಪಕ್ಕೆ ಎಣ್ಣೆ ಹಾಕಿ ಅದೇ ಕೈಯಲ್ಲಿ ಅರಿಶಿನ ಕಲಸಿಕೊಂಡು ಬಂದಳು. ನಮ್ಮ ಮನೆಯಲ್ಲಿ ಯಾವ ಬಾಗಿಲಾಗಲಿ, ತೊಟ್ಟಿಲಾಗಲಿ, ಮೊದಲ ಸೇರಿಕೆಗೆ ಮುಂಚೆ ಅರಿಶಿನ ಇಡುವುದು ಪದ್ಧತಿ. ಹಲಗೆಯ ಒಳಮೈಯ ಕೆಳಗಿನ ಮೂಲೆಯಲ್ಲಿ ಮೂರು ಬೆರಳು ಒತ್ತಿದಳು. "ನಿನ್ ಕಾಗ್ದ ಕೈಗ್ ಬರ್ಲಿ ಕಣಪ್ಪ" ಅಂದಳು. ಅದು ಸರಿಯಾಗಿ ಪಟ್ಟಿಯ ಒಂದು ಕಾಲು ಕೂರುವ ಜಾಗ. ಎಣ್ಣೆ ಇರುವ ಕಡೆ ಅಂಟು ಹಿಡಿಯುವುದಿಲ್ಲ. ನನಗೆ ಗೊತ್ತಿತ್ತು. ಬ್ಲೇಡು ತೆಗೆದುಕೊಂಡೆ. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಆ ಮಾತು ಹೇಳಿ ಇಟ್ಟ ಅರಿಶಿನವನ್ನು ಅವಳೆದುರಿಗೆ ಕೆರೆದುಹಾಕಲು ಕೈ ಬರಲಿಲ್ಲ. ಅವಳು ಹೋದ ಮೇಲೂ ಬರಲಿಲ್ಲ. ಪರಿಶೀಲನೆ ತಲೆ ಮೇಲೆ ಇತ್ತು, ಏನೂ ಅಪಶಕುನ ಬೇಡ ಅನ್ನಿಸಿತು. ಬಟ್ಟೆಯಿಂದ ಮೇಲೆ ಮೇಲೆ ಒರೆಸಿ, ಬಿ.ಎಸ್ಸಿ. ಓದಿದ ನಾನು ಅರಿಶಿನದ ಮೇಲೆಯೇ ಅಂಟು ಹಚ್ಚಿ ಪಟ್ಟಿ ಕೂರಿಸಿದೆ.

ಐದನೇ ವಾರದ ಕೊನೆಗೆ ಗಿಟಾರು ಶಾಲೆಗೆ ಬಂತು. ಪಾವಗಡದಿಂದ ವಾರಕ್ಕೆ ಎರಡು ದಿನ ಬರುವ ಸಂಗೀತದ ಮೇಷ್ಟ್ರು ತಂತಿ ಹಾಕಿ ಶ್ರುತಿ ಮಾಡಿ ನುಡಿಸಿದರು. ಕಚೇರಿಯ ಕಿಟಕಿ ಗಾಜು ಸಣ್ಣಗೆ ಅದುರಿತು. "ಚಾಲಾ ಬಾಗುಂದಿ ಸಾರ್, ಚೆನ್ನಾಗೈತೆ" ಅಂದರು. ನಾನು ಉಸಿರು ಬಿಟ್ಟೆ. ಆಮೇಲೆ ಅವರೇ ಸೆಕ್ರೆಟರಿಯವರ ಕಡೆ ತಿರುಗಿ, "ಆದ್ರೆ ಹೊಸ ಕೆಲಸ, ನಂಬೋಕಾಗಲ್ಲ. ಎಂಟು ದಿನ ಹಿಂಗೇ ಬಿಗಿದು ಇಡಿ. ತಂತಿ ಎಳೆದು ಎಳೆದು ಕತ್ತು ಎದ್ದೇಳ್ತದೆ, ಹೊಟ್ಟೆ ಉಬ್ಬುತ್ತೆ. ನಿಂತ್ರೆ ನಿಂತಂಗೆ" ಅಂದರು.

"ಆಯ್ತು, ಎಂಟು ದಿನ" ಅಂದರು ಸೆಕ್ರೆಟರಿಯವರು. ಒಂಬತ್ತನೇ ದಿನ ತುಮಕೂರಿನಲ್ಲಿ ನನ್ನ ಸರದಿ.

ಗಿಟಾರನ್ನು ಸ್ಟಾಫ್ ರೂಮಿನ ಗೋಡೆಗೆ ತೂಗುಹಾಕಿದರು. ಕತ್ತು ಎದ್ದರೆ ತಂತಿಯ ಕೆಳಗಿನ ಸಂದಿ ಹೆಚ್ಚುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನಾನು ಹನ್ನೆರಡನೇ ಫ್ರೆಟ್ಟಿನ ಮೇಲೆ, ತಂತಿಯ ಕೆಳಗೆ, ಹ್ಯಾಕ್ಸಾ ಬ್ಲೇಡುಗಳನ್ನು ಒಂದರ ಮೇಲೊಂದು ತೂರಿಸಿ ಅಳೆಯುತ್ತಿದ್ದೆ. ಮೊದಲ ದಿನ ನಾಲ್ಕು ಬ್ಲೇಡು. ಎರಡನೇ ದಿನವೂ ನಾಲ್ಕು. ಮೂರನೇ ದಿನ ನಾಲ್ಕು ಹೋಗಿ ಸಡಿಲವಾಯಿತು. ನಾಲ್ಕನೇ ದಿನ ಐದು. ಐದು ದಾಟಿದರೆ ಮಕ್ಕಳ ಬೆರಳಿಗೆ ತಂತಿ ಒತ್ತಲಾಗದು. ಆ ಎಂಟು ದಿನ ಪಾಠ ಮಾಡುತ್ತಿದ್ದವನು ನಾನಲ್ಲ, ನನ್ನ ಬಾಯಿ. ಬೋರ್ಡಿನ ಮೇಲೆ ಬರೆಯುತ್ತ ಪಕ್ಕದ ಗೋಡೆಯಾಚೆ ಏನಾದರೂ 'ಟಪ್' ಅಂದೀತೇನೋ ಎಂದು ಕಿವಿ ಅಲ್ಲೇ ಇರುತ್ತಿತ್ತು.

ಅಪ್ಪನಿಗೆ ಫೋನು ಮಾಡಿದೆ. ಕೊಡತಿಯನ್ನು, ತನ್ನ ಮರದ ಸುತ್ತಿಗೆಯನ್ನು, ಕೈಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದ. ತಂತಿ ಸಡಿಲಿಸಿ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಣೆಗೆ ಟಕ್ ಅಂತ ಒಂದು ಏಟು ಕೊಟ್ಟ. ಸೆಕ್ರೆಟರಿಯವರು ಆ ಹೊತ್ತಿಗೆ ಒಳಗೆ ಬಂದರು.

"ಏನ್ ಮಾಡ್ತಾ ಇದೀರಿ ಯಜಮಾನ್ರೇ?"

"ಇದ್ಕೆ ಬೆಣೆ ಬಡೀತಿವ್ನಿ ಸ್ವಾಮಿ. ನೀವು ಕುಂತ್ಕಳಿ."

ಸೆಕ್ರೆಟರಿಯವರು ಕೂರಲಿಲ್ಲ, ಹೋಗಲೂ ಇಲ್ಲ. ಇನ್ನೊಂದು ಏಟು. ತಂತಿ ಮತ್ತೆ ಬಿಗಿದು ಬ್ಲೇಡು ತೂರಿಸಿದೆ. ನಾಲ್ಕು. ಮಾರನೇ ದಿನ ನಾಲ್ಕು. ಅದರ ಮಾರನೇ ದಿನವೂ ನಾಲ್ಕು. ಕತ್ತು ನಿಂತಿತ್ತು. ಹೊಟ್ಟೆ ಉಬ್ಬಿರಲಿಲ್ಲ. ನನ್ನ ಸ್ಕೇಲಿನ ಲೆಕ್ಕವೂ ನಿಂತಿತ್ತು.

ಏಳನೇ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿದೆ. ನಾದದ ಜೊತೆಗೆ ಒಂದು 'ಜುಯ್' ಬಂತು. ಕಾಗದದ ಸಂದಿಯಲ್ಲಿ ನೊಣ ಸಿಕ್ಕಿಕೊಂಡಂತೆ. ಬೇರೆ ಎಲ್ಲೂ ಇಲ್ಲ, ಆ ಒಂದು ಸ್ವರದಲ್ಲಿ ಮಾತ್ರ. ಬಾಗಿಲು ಹಾಕಿಕೊಂಡು ತೂತಿನೊಳಗೆ ಒಂದು ಸಣ್ಣ ಕನ್ನಡಿ ಇಳಿಸಿ, ಮೊಬೈಲ್ ಟಾರ್ಚು ಬಿಟ್ಟು ನೋಡಿದೆ. ಕತ್ತರಿ ಪಟ್ಟಿಯ ಕೆಳಗಿನ ಒಂದು ಕಾಲು ಹಲಗೆಯಿಂದ ಎದ್ದಿತ್ತು. ಕಾಗದ ತೂರುವಷ್ಟು ಸಂದಿ. ಸಂದಿಯ ಅಂಚಿನಲ್ಲಿ ಹಳದಿ.

ಮತ್ತೆ ಅಂಟಿಸಬೇಕಾದರೆ ತಂತಿ ಬಿಚ್ಚಬೇಕು, ಅರಿಶಿನ ಕೆರೆಯಬೇಕು, ಅಂಟು ಆರಬೇಕು, ಮತ್ತೆ ಬಿಗಿಯಬೇಕು, ಮತ್ತೆ ಎಂಟು ದಿನ. ಹಾಗೇ ಬಿಟ್ಟರೆ ಇವತ್ತೇ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಎಳೆತದಲ್ಲಿ ಸಂದಿ ಉದ್ದವಾಗುತ್ತ ಹೋಗುತ್ತದೆ, ಒಂದು ಬೇಸಿಗೆಯಲ್ಲಿ ಹಲಗೆ ಮತ್ತೆ ಕುಸಿಯುತ್ತದೆ. ಆಗ ನಾನು ಎಲ್ಲೋ ಸರ್ಕಾರಿ ಶಾಲೆಯಲ್ಲಿ ಇರುತ್ತೇನೆ. ಕನ್ನಡಿ ಜೇಬಿಗೆ ಹಾಕಿಕೊಂಡು ಗಿಟಾರನ್ನು ಮತ್ತೆ ಗೋಡೆಗೆ ತೂಗುಹಾಕಿದೆ. ಯಾರಿಗೂ ಹೇಳಲಿಲ್ಲ. ಅಪ್ಪನಿಗೂ.

ಎಂಟನೇ ದಿನ ಸಂಗೀತದ ಮೇಷ್ಟ್ರು ಬ್ಲೇಡು ತೂರಿಸಿದರು, ಹಲಗೆಯ ಮೇಲೆ ಸ್ಕೇಲು ಅಡ್ಡ ಇಟ್ಟು ನೋಡಿದರು, ತಲೆ ಆಡಿಸಿದರು. ಆಮೇಲೆ ನುಡಿಸತೊಡಗಿದರು. ಸೆಕ್ರೆಟರಿಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ನಾನು ಹಾಡು ಕೇಳುತ್ತಿರಲಿಲ್ಲ. ಮೇಷ್ಟ್ರ ಬೆರಳು ದಪ್ಪ ತಂತಿಯ ಮೂರನೇ ಫ್ರೆಟ್ಟಿಗೆ ಹೋಗುತ್ತದೋ ಇಲ್ಲವೋ, ಅದೊಂದನ್ನೇ ನೋಡುತ್ತಿದ್ದೆ. ಕೊನೆಯ ಸಾಲಿನಲ್ಲಿ ಹೋಯಿತು. ಜುಯ್ ಅಂತು. ಮೇಷ್ಟ್ರು ನಿಲ್ಲಿಸಿ, ತಮ್ಮ ಬೆರಳನ್ನೇ ನೋಡಿಕೊಂಡರು.

"ನನ್ ಬೆರಳೇ ಸರಿಯಾಗಿ ಬೀಳಲಿಲ್ಲ, ಕ್ಷಮಿಸಿ ಸಾರ್" ಅಂದರು.

ಆಗ ಹೇಳಬಹುದಿತ್ತು. ಅವರು ಕ್ಷಮೆ ಕೇಳಿದಾಗಲಾದರೂ ಹೇಳಬೇಕಿತ್ತು. ನಾನು ನೆಲ ನೋಡಿದೆ. ಸೆಕ್ರೆಟರಿಯವರು ಎದ್ದುಹೋಗಿ ಫೈಲು ತಂದು ನನ್ನ ಕೈಗೆ ಕೊಟ್ಟರು. "ನಮ್ಮ ತಮ್ಮ ನುಡಿಸಿದಂಗೇ ಇತ್ತು" ಅಂದರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಗಿಟಾರಿನ ಮೇಲಿತ್ತು.

ತುಮಕೂರಿನಲ್ಲಿ ನನ್ನ ಪ್ರಮಾಣಪತ್ರವನ್ನು ಒಬ್ಬ ಗುಮಾಸ್ತರು ಬೆಳಕಿಗೆ ಹಿಡಿದು, ಪಟ್ಟಿಯಲ್ಲಿ ಟಿಕ್ ಮಾಡಿ, ಅರ್ಧ ನಿಮಿಷದಲ್ಲಿ ವಾಪಸ್ ಕೊಟ್ಟು "ನೆಕ್ಸ್ಟ್" ಅಂದರು. ಬಸ್ಸಿನಲ್ಲಿ ಫೈಲನ್ನು ಎದೆಗೆ ಒತ್ತಿಕೊಂಡು ಕೂತೆ. ಇಷ್ಟು ವರ್ಷ ಅದು ಅಲ್ಲಿ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡಿದ್ದೆ. ಈಗ ಅದು ನನ್ನ ಕೈಗೆ ಬಂದಿತ್ತು, ನಾನು ಹೊರಗೆ ಬಂದಂತೆ ಅನ್ನಿಸಲಿಲ್ಲ. ಕಣ್ಣು ಮುಚ್ಚಿದರೆ ಸಂಗೀತದ ಮೇಷ್ಟ್ರು ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವ್ವ ಒಳಗಿದ್ದಳು, ಅವಳಿಗೆ ಕೇಳದಂತೆ ಹೇಳಿದೆ.

"ಅಲ್ಲಾಡ್ತೈತೆ ಅಂತ ಗೊತ್ತಿದ್ದೂ ಕೊಟ್ಬುಟ್ಟಾ?"

"ಕೊಟ್ಬುಟ್ಟೆ."

ಅಪ್ಪ ಎದ್ದು ಉಳಿ, ಕೊಡತಿ ಕೈಚೀಲಕ್ಕೆ ಹಾಕಿದ. ಆಮೇಲೆ, "ನಾನು ಮಾಡಿದ್ದು ಒಂದೂ ಇಂಗೆ ಹೋಗಿಲ್ಲ ಕಣ್ಲಾ. ಭಾನುವಾರ ನಡಿ" ಅಂದ.

ಭಾನುವಾರ ಸೆಕ್ರೆಟರಿಯವರ ಮನೆಗೆ ಹೋಗಿ ಶಾಲೆಯ ಬಾಗಿಲು ತೆಗೆಸಿದೆವು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಅರಿಶಿನ, ಏಳನೇ ದಿನದ ಕನ್ನಡಿ, ಎಲ್ಲ. ಅವರು ಪೂರ್ತಿ ಕೇಳಿದರು.

"ಮೊದಲೇ ಹೇಳಿದ್ರೆ ಫೈಲ್ ಕೊಡ್ತಿರಲಿಲ್ಲ ಅಂದ್ಕೊಂಡ್ರಾ?"

"ಹೌದು ಸಾರ್."

ಸ್ವಲ್ಪ ಯೋಚಿಸಿದರು. "ಕೊಡ್ತಿರಲಿಲ್ಲ" ಅಂದರು.

 ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ತಂತಿ ಬಿಚ್ಚಿದೆವು. ನಾನು ವಾಚು ಬಿಚ್ಚಿ, ಮುಂಗೈ ಪೂರಾ ತೂತಿನೊಳಗೆ ಇಳಿಸಿದೆ. ಅಪ್ಪನ ತೋಳು ದಪ್ಪ, ಹೋಗುತ್ತಿರಲಿಲ್ಲ. ಕಡ್ಡಿಗೆ ಕಟ್ಟಿದ ಉಪ್ಪುಕಾಗದವನ್ನು ಸಂದಿಯಲ್ಲಿ ತೂರಿಸಿ, ಹಳದಿ ಹೋಗುವವರೆಗೆ ಉಜ್ಜಿ, ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದೆ. ಚಾಕುವಿನ ತುದಿಯಿಂದ ಅಂಟು ತುಂಬಿದೆ. ಒತ್ತಿ ಹಿಡಿಯಲು ಅಪ್ಪ ಒಂದು ಊರೆಗೋಲು ಕೆತ್ತಿ ತಂದಿದ್ದ. ಗಿಟಾರಿನ ಬೆನ್ನು ಒಳಗಡೆ ಬಾಗಿದ್ದರಿಂದ ಅದು ಎರಡು ಸಲ ನಿಲ್ಲಿಸಿದರೂ ಜಾರಿತು. ಕೊನೆಗೆ ಕೈಯಲ್ಲೇ ಒತ್ತಬೇಕಾಯಿತು. ಒಳಗಿನಿಂದ ನಾನು ಒತ್ತಿದರೆ ಹಲಗೆ ಮೇಲಕ್ಕೆ ಏಳುತ್ತದೆ. ಮೇಲಿನಿಂದ ಯಾರಾದರೂ ಸಮವಾಗಿ ಒತ್ತಬೇಕು. ಅಪ್ಪ ಅಂಚಿನ ಸುತ್ತ ಕೈಯಾಡಿಸಿ ನೋಡಬೇಕಿತ್ತು.

"ಸ್ವಾಮಿ, ನಿಮ್ಮ ಕೈ ಇಲ್ಲಿಡಿ" ಅಂದ ಸೆಕ್ರೆಟರಿಯವರಿಗೆ.

ಅವರು ಅಂಗಿಯ ತೋಳು ಮಡಿಸಿ ಅಂಗೈ ಇಟ್ಟರು. ಅವರ ಅಂಗೈ, ಎರಡು ನಾಣ್ಯದ ದಪ್ಪದ ಹಲಗೆ, ಅದರ ಕೆಳಗೆ ನನ್ನ ಬೆರಳುಗಳು. ಅವರು ಒತ್ತುವುದು ನನಗೆ ಗೊತ್ತಾಗುತ್ತಿತ್ತು, ನಾನು ಒತ್ತುವುದು ಅವರಿಗೆ. ಹತ್ತು ನಿಮಿಷಕ್ಕೆ ನನ್ನ ತೋಳು ಜೋಮು ಹಿಡಿಯಿತು. ಅವರ ಹಣೆಯಲ್ಲಿ ಬೆವರು. ಅವರ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವರು ಅಪ್ಪನ ಮುಖ ನೋಡಿದರು.

"ತೆಗೀಬ್ಯಾಡಿ" ಅಂದ ಅಪ್ಪ.

ಫೋನು ಬಡಿದು ಬಡಿದು ನಿಂತಿತು.

"ಇನ್ನೆಷ್ಟೊತ್ತು ಯಜಮಾನ್ರೇ?"

"ಈಗಿನ್ನೂ ಹಿಡ್ಕಂತೈತೆ" ಅಂದ ಅಪ್ಪ, ಸ್ಟೂಲು ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂರುತ್ತ. "ನಾನ್ ಹೇಳೋಗಂಟ ಇಬ್ರೂ ಅಲ್ಲಾಡ್ಬ್ಯಾಡಿ."